ಗೌಟ್: ನೋವಿಲ್ಲದ ದಿನಗಳಲ್ಲಿ ಮಾಡಬೇಕಾದ ಕೆಲಸ

"ಯೂರಿಕ್ ಆಸಿಡ್ ಜಾಸ್ತಿ ಇದೆ ಅಂದ್ರು. ನೋವು ಬಂದಾಗ ಮಾತ್ರ ಮಾತ್ರೆ ತಗೊಂಡ್ರೆ ಸಾಕಲ್ವಾ ಸಾರ್?"

ಮೆಡಿಕಲ್ ಸ್ಟೋರ್ ಕೌಂಟರಿನಲ್ಲಿ ನಿಂತು ನನಗೆ ಹತ್ತೊಂಬತ್ತು ವರ್ಷ ಆಯಿತು. ಈ ಪ್ರಶ್ನೆ ಕೇಳದ ವಾರವೇ ಇಲ್ಲ. ಔಷಧಿಗಳ ಬಗ್ಗೆ ಹಿಂದೆ ಬರೆದಾಗ ಬಂದ ಮೆಸೇಜುಗಳಲ್ಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬಂದಿತ್ತು. ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆಯೋಣ ಅನ್ನಿಸಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಗೌಟ್, ಅಂದರೆ ಯೂರಿಕ್ ಆಸಿಡ್‌ನಿಂದ ಬರುವ ಕೀಲಿನ ಕಾಯಿಲೆ, ಇರುವುದು ಖಚಿತವಾಗಿ, ಪದೇ ಪದೇ ನೋವು ಬರುತ್ತಿದ್ದರೆ ನೋವಿನ ಮಾತ್ರೆಯೊಂದೇ ಸಾಲದು. ನೋವು ನಾಲ್ಕು ದಿನಕ್ಕೆ ಹೋಗಬಹುದು. ಕಾಯಿಲೆ ಅಲ್ಲೇ ಕೂತಿರುತ್ತದೆ. ನೋವಿಲ್ಲದ ದಿನಗಳಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಹತ್ತು ವರ್ಷದ ನಂತರ ನಿಮ್ಮ ಕೈಕಾಲು ಹೇಗಿರುತ್ತದೆ ಅನ್ನುವುದು ನಿಂತಿದೆ.

ಗೌಟ್ ಅಂದರೆ ಏನು

ದೇಹದ ಹಳೆಯ ಜೀವಕೋಶಗಳು ಸಾಯುತ್ತಾ, ಹೊಸವು ಹುಟ್ಟುತ್ತಾ ಇರುತ್ತವೆ. ಹಳೆಯವು ಒಡೆದಾಗ ಪ್ಯೂರಿನ್ ಎಂಬ ವಸ್ತು ಹೊರಬರುತ್ತದೆ. ಮಾಂಸ, ಮೀನಿನಿಂದಲೂ ಸ್ವಲ್ಪ ಬರುತ್ತದೆ. ಪ್ಯೂರಿನ್ ಒಡೆದು ಕೊನೆಗೆ ಉಳಿಯುವುದೇ ಯೂರಿಕ್ ಆಸಿಡ್. ಅದನ್ನು ಹೊರಗೆ ಹಾಕುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಕಿಡ್ನಿಯದು, ಉಳಿದದ್ದು ಕರುಳಿನದು. ಗೌಟ್ ಇರುವ ಹೆಚ್ಚಿನವರಲ್ಲಿ ತೊಂದರೆ ಇರುವುದು ಇಲ್ಲೇ. ಕಿಡ್ನಿ ಹೊರಹಾಕುವುದು ಕಡಿಮೆ. ಇದು ಬಹಳ ಮಟ್ಟಿಗೆ ಹುಟ್ಟಿನಿಂದ ಬಂದ ಗುಣ. "ತಿಂದು ತಿಂದು ತರಿಸ್ಕೊಂಡ" ಅಂತ ಮನೆಯವರು ರೋಗಿಯನ್ನು ಬೈಯುವುದು ನ್ಯಾಯವಲ್ಲ.

ಸಕ್ಕರೆ ಪಾಕ ಮಾಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ನೀರಿಗೆ ಸಕ್ಕರೆ ಜಾಸ್ತಿಯಾದರೆ, ಪಾಕ ತಣ್ಣಗಾಗುತ್ತಿದ್ದಂತೆ ಪಾತ್ರೆಯ ಅಂಚಿನಲ್ಲಿ ಹರಳು ಕಟ್ಟುತ್ತದೆ. ರಕ್ತದಲ್ಲಿ ಯೂರಿಕ್ ಆಸಿಡ್ ಪ್ರತಿ ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದೂ ಹೀಗೇ ಹರಳು ಕಟ್ಟಲು ಶುರುಮಾಡುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಬರುವ ಸಂಖ್ಯೆ ಇದೇ. ದೇಹದ ತಣ್ಣನೆಯ ಭಾಗಗಳಲ್ಲಿ ಹರಳು ಬೇಗ ಕಟ್ಟುತ್ತದೆ. ಸುಮಾರು ಅರ್ಧದಷ್ಟು ಜನರಿಗೆ ಮೊದಲ ನೋವು ಕಾಲಿನ ಹೆಬ್ಬೆರಳಿನ ಬುಡದಲ್ಲಿ ಬರುವುದಕ್ಕೆ ಇದೂ ಒಂದು ಕಾರಣ.

ಈ ಹರಳುಗಳ ಮೇಲೆ ದೇಹದ ರಕ್ಷಣಾ ಕಣಗಳು ಮುಗಿಬಿದ್ದಾಗ ಗೌಟ್ ದಾಳಿ ಬರುತ್ತದೆ. ಸಾಮಾನ್ಯವಾಗಿ ರಾತ್ರಿ ಹೊತ್ತು. ಕೀಲು ಕೆಂಪಾಗಿ, ಊದಿ, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ಒಂದು ದಿನದೊಳಗೆ ನೋವು ತುತ್ತತುದಿಗೆ ಹೋಗುತ್ತದೆ. ಔಷಧಿ ಇಲ್ಲದೆಯೂ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಜನ ಮೋಸಹೋಗುವುದು ಇಲ್ಲಿಯೇ. ನೋವು ಇಳಿಯಿತು, ಆದರೆ ಹರಳುಗಳು ಎಲ್ಲಿಗೂ ಹೋಗಿಲ್ಲ.

ಬಿಟ್ಟರೆ ಏನಾಗುತ್ತದೆ

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಗೊತ್ತಿರಲೇಬೇಕು.

ಮೊದಲ ದಾಳಿ ಆದ ಮೇಲೆ ಎರಡನೆಯದು ಬರಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯಬಹುದು. ಆಮೇಲೆ ಅಂತರ ಕಡಿಮೆಯಾಗುತ್ತಾ ಬರುತ್ತದೆ. ಹೆಬ್ಬೆರಳಿನಲ್ಲಿ ಇದ್ದದ್ದು ಹಿಮ್ಮಡಿ ಗಂಟಿಗೆ, ಮಂಡಿಗೆ, ಮಣಿಕಟ್ಟಿಗೆ, ಬೆರಳುಗಳಿಗೆ ಹರಡುತ್ತದೆ. ಒಮ್ಮೆಗೆ ಒಂದೇ ಕೀಲಿಗೆ ಬರುತ್ತಿದ್ದುದು ಎರಡು ಮೂರಕ್ಕೆ ಬರುತ್ತದೆ. ಕೊನೆಗೆ ದಾಳಿಗಳ ನಡುವೆಯೂ ಸಣ್ಣ ನೋವು, ಬಿಗಿತ ಉಳಿದುಬಿಡುತ್ತದೆ.

ಚಿಕಿತ್ಸೆ ಇಲ್ಲದೆ ಸರಾಸರಿ ಹತ್ತು ವರ್ಷ ಹೋದರೆ ಗಂಟುಗಳು ಕಾಣಿಸಿಕೊಳ್ಳುತ್ತವೆ. ಡಾಕ್ಟರ್ ಭಾಷೆಯಲ್ಲಿ ಇವಕ್ಕೆ ಟೋಫಸ್ ಅನ್ನುತ್ತಾರೆ. ಯೂರಿಕ್ ಆಸಿಡ್ ಹರಳುಗಳೇ ಒಟ್ಟಾಗಿ ಚರ್ಮದ ಕೆಳಗೆ ಕಟ್ಟಿದ ಮುದ್ದೆ. ಕಿವಿಯ ಅಂಚು, ಮೊಣಕೈ, ಬೆರಳಿನ ಗೆಣ್ಣು, ಹಿಮ್ಮಡಿಯ ಹಿಂದಿನ ದಪ್ಪ ನರದಂಥ ಭಾಗ ಇವುಗಳ ಜಾಗ. ಮೊದಮೊದಲು ನೋವಿರುವುದಿಲ್ಲ, ಅದಕ್ಕೇ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ನಮ್ಮ ಅಂಗಡಿಗೆ ಬರುತ್ತಿದ್ದ ಹಿರಿಯರೊಬ್ಬರು ಚಪ್ಪಲಿಯ ಉಂಗುಷ್ಟವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಹೆಬ್ಬೆರಳು ಅದರೊಳಗೆ ಹೋಗುತ್ತಿರಲಿಲ್ಲ. ಒಂದು ದಿನ ನೋವಿನ ಮಾತ್ರೆ ಕೇಳುತ್ತಾ ಕೌಂಟರಿನ ಮೇಲೆ ಕೈ ಇಟ್ಟರು. ತೋರುಬೆರಳಿನ ಗೆಣ್ಣಿನ ಮೇಲೆ ಚರ್ಮ ತೆಳ್ಳಗಾಗಿ, ಒಳಗಿನ ಬಿಳಿ ಕಾಣುತ್ತಿತ್ತು. ಗಾಜಿನ ಮೇಲೆ ಒದ್ದೆ ಸೀಮೆಸುಣ್ಣದಂಥ ಒಂದು ಗೆರೆ ಉಳಿಯಿತು. "ಇದು ಕೀವಲ್ಲಪ್ಪ, ವಾಸನೆ ಇಲ್ಲ, ಆಗಾಗ ಹೀಗೆ ಬರುತ್ತೆ" ಅಂದರು. ಹದಿನಾಲ್ಕು ವರ್ಷದಿಂದ ನೋವು ಬಂದಾಗ ಒಂದು ಸ್ಟ್ರಿಪ್ ತೆಗೆದುಕೊಂಡು ಹೋಗುತ್ತಿದ್ದರು. ಅದರಲ್ಲಿ ಕೆಲವು ವರ್ಷ ಕೊಟ್ಟವನು ನಾನೇ. ಒಮ್ಮೆಯೂ ಕೂರಿಸಿ ಮಾತಾಡಿರಲಿಲ್ಲ. ಆ ಗೆರೆ ನೋಡಿದ ಮೇಲೆ ಯಾರಿಗೂ ಸುಮ್ನೆ ಸ್ಟ್ರಿಪ್ ಕೊಟ್ಟು ಕಳಿಸಿಲ್ಲ.

ಹೊರಗೆ ಕಾಣುವ ಗಂಟಿಗಿಂತ ಒಳಗೆ ನಡೆಯುವುದು ದೊಡ್ಡದು. ಹರಳಿನ ಮುದ್ದೆ ಪಕ್ಕದ ಮೂಳೆಯನ್ನು ಕೊರೆಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆಯ ಅಂಚನ್ನು ಇಲಿ ಕಡಿದಂತೆ ಕಾಣುತ್ತದೆ. ಕೀಲು ಸೊಟ್ಟಗಾಗುತ್ತದೆ, ಮಡಚಲು ಬರುವುದಿಲ್ಲ. ಗಂಟು ಒಡೆದರೆ ಸೋಂಕು ಹತ್ತುತ್ತದೆ, ಗಾಯ ಬೇಗ ಮಾಯುವುದಿಲ್ಲ. ಸಕ್ಕರೆ ಕಾಯಿಲೆಯೂ ಇದ್ದರೆ ಕಾಲಿನ ಗಾಯ ಬಹಳ ಅಪಾಯ. ಮಣಿಕಟ್ಟಿನಲ್ಲಿ ಗಂಟು ಕಟ್ಟಿದರೆ ನರ ಒತ್ತಿ ಬೆರಳು ಜೋಮು ಹಿಡಿಯುತ್ತದೆ.

ಕಿಡ್ನಿಯ ವಿಷಯ ಇನ್ನೊಂದು. ಯೂರಿಕ್ ಆಸಿಡ್‌ನಿಂದಲೇ ಕಿಡ್ನಿಯಲ್ಲಿ ಕಲ್ಲಾಗಬಹುದು. ಈ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್ ಬೇಕು. "ಎಕ್ಸ್‌ರೇ ಮಾಡಿಸಿದ್ವಿ, ಏನೂ ಇಲ್ಲ" ಅಂತ ನಿಶ್ಚಿಂತರಾಗಬೇಡಿ. ಗೌಟ್ ಮತ್ತು ಕಿಡ್ನಿಯ ನಿಧಾನ ವೈಫಲ್ಯ ಒಟ್ಟೊಟ್ಟಿಗೆ ಇರುವುದೂ ಸಾಮಾನ್ಯ. ಅದರ ಮೇಲೆ ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಗಳ ಹೊಡೆತ ಬೇರೆ. ಗೌಟ್‌ಗೆ ಚಿಕಿತ್ಸೆ ತೆಗೆದುಕೊಳ್ಳದವರ ಕಿಡ್ನಿಗೆ ಎರಡೂ ಕಡೆಯಿಂದ ಪೆಟ್ಟು ಬೀಳುತ್ತದೆ.

ಹೃದಯವನ್ನೂ ಮರೆಯಬಾರದು. ಬ್ರಿಟನ್ನಿನ ರೋಗಿಗಳ ದಾಖಲೆ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗೌಟ್ ದಾಳಿಯ ನಂತರದ ನಾಲ್ಕು ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದಿತ್ತು. ಮೊದಲ ಎರಡು ತಿಂಗಳಲ್ಲಿ ಇನ್ನೂ ಜಾಸ್ತಿ. ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು ಗೌಟ್‌ನ ಜೊತೆಗಾರರು. ಒಂದು ಸಿಕ್ಕಿತೆಂದರೆ ಉಳಿದವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.

ಇದೆಲ್ಲದರಲ್ಲಿ ಬಹುಪಾಲು ತಡೆಯಬಹುದು. ಈಗ ಹಂತ ಹಂತವಾಗಿ ನೋಡೋಣ.

ಹಂತ 1: ಇದು ಗೌಟ್ ಹೌದೇ, ಖಚಿತ ಮಾಡಿಕೊಳ್ಳಿ

ನಮ್ಮಲ್ಲಿ ಎಲ್ಲ ಕೀಲುನೋವಿಗೂ "ವಾತ" ಅನ್ನುವ ರೂಢಿ. ರುಮಟಾಯ್ಡ್ ಸಂಧಿವಾತ ಬೇರೆ, ಮಂಡಿ ಸವೆತ ಬೇರೆ, ಗೌಟ್ ಬೇರೆ. ಮೂರಕ್ಕೂ ಔಷಧಿ ಬೇರೆ ಬೇರೆ.

ಬಹಳ ಖಚಿತವಾದ ಪರೀಕ್ಷೆ ಅಂದರೆ ಊದಿದ ಕೀಲಿನಿಂದ ಸೂಜಿಯಲ್ಲಿ ಸ್ವಲ್ಪ ನೀರು ತೆಗೆದು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗೌಟ್ ಇದ್ದರೆ ಸೂಜಿಯಾಕಾರದ ಹರಳು ಕಾಣುತ್ತವೆ. ಎಲ್ಲ ಊರಲ್ಲೂ ಇದು ಸಿಗುವುದಿಲ್ಲ. ಲಕ್ಷಣ, ರಕ್ತ ಪರೀಕ್ಷೆ, ಅಲ್ಟ್ರಾಸೌಂಡ್ ನೋಡಿಯೂ ಅನುಭವಿ ಡಾಕ್ಟರು ಹೇಳಬಲ್ಲರು.

ಇಲ್ಲಿ ಎರಡು ತಪ್ಪು ಮಾಡಬೇಡಿ.

ನೋವಿನ ಸಮಯದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ ನಾರ್ಮಲ್ ಬಂತು ಅಂತ ಗೌಟ್ ಇಲ್ಲವೆಂದು ತೀರ್ಮಾನಿಸಬೇಡಿ. ದಾಳಿಯ ದಿನಗಳಲ್ಲಿ ಸಂಖ್ಯೆ ಇಳಿದಿರಬಹುದು. ನೋವು ಪೂರ್ತಿ ಹೋಗಿ ಎರಡು ಮೂರು ವಾರ ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿ.

ಎರಡನೆಯದು ಇದಕ್ಕೆ ತಿರುಗುಮುರುಗು. ಕಂಪನಿಯ ಹೆಲ್ತ್ ಚೆಕಪ್ಪಿನಲ್ಲಿ 7.6 ಬಂತು, ಕೀಲುನೋವು ಯಾವತ್ತೂ ಇಲ್ಲ. ಅಂಥವರಿಗೆ ಸಾಮಾನ್ಯವಾಗಿ ಮಾತ್ರೆ ಬೇಕಿಲ್ಲ. ಯೂರಿಕ್ ಆಸಿಡ್ ಜಾಸ್ತಿ ಇರುವವರಲ್ಲಿ ಹೆಚ್ಚಿನವರಿಗೆ ಗೌಟ್ ಬರುವುದೇ ಇಲ್ಲ. ಸಂಖ್ಯೆಗೆ ಹೆದರಿ ಪಕ್ಕದ ಮನೆಯವರ ಮಾತ್ರೆ ಶುರುಮಾಡುವವರು ಬಹಳ ಜನ ಇದ್ದಾರೆ.

ಎಚ್ಚರಿಕೆ: ಊದಿದ ಕೀಲಿನ ಜೊತೆ ಚಳಿಜ್ವರ ಇದ್ದರೆ ಮನೆಯಲ್ಲಿ ಕೂರಬೇಡಿ. ಕೀಲಿನೊಳಗೆ ಸೋಂಕಾಗಿದ್ದರೂ ನೋಡಲು ಹೀಗೇ ಇರುತ್ತದೆ. ಅದು ಕೆಲವೇ ದಿನಗಳಲ್ಲಿ ಕೀಲನ್ನು ಹಾಳುಮಾಡುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 2: ದಾಳಿ ಬಂದ ದಿನ

ಬೇಗ ಶುರುಮಾಡಿದಷ್ಟೂ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲ 24 ಗಂಟೆ ಮುಖ್ಯ. ಹಾಗಾಗಿ ಯಾವ ಮಾತ್ರೆ, ಎಷ್ಟು ಅನ್ನುವುದನ್ನು ನೋವಿಲ್ಲದಾಗಲೇ ಡಾಕ್ಟರ ಹತ್ತಿರ ಬರೆಸಿ ಮನೆಯಲ್ಲಿ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಅಂಗಡಿ ಹುಡುಕುವ ಪಾಡು ತಪ್ಪುತ್ತದೆ.

ಮೂರು ಬಗೆಯ ಔಷಧಿಗಳಿವೆ. ಡಾಕ್ಟರು ನಿಮ್ಮ ಕಿಡ್ನಿ, ಹೊಟ್ಟೆ, ಹೃದಯ, ಸಕ್ಕರೆ ನೋಡಿ ಆರಿಸುತ್ತಾರೆ.

ಮೊದಲನೆಯದು ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್, ಇಂಡೊಮೆಥಾಸಿನ್‌ನಂಥ ನೋವು-ಊತದ ಮಾತ್ರೆಗಳು. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಇವನ್ನು ಸ್ವಂತ ಬುದ್ಧಿಯಿಂದ ಮುಟ್ಟಬಾರದು.

ಎರಡನೆಯದು ಕೋಲ್ಚಿಸಿನ್. ನಮ್ಮಲ್ಲಿ 0.5 ಮಿ.ಗ್ರಾಂ. ಮಾತ್ರೆ ಸಿಗುತ್ತದೆ. ಸಾಮಾನ್ಯವಾಗಿ ಮೊದಲು ಎರಡು, ಒಂದು ಗಂಟೆ ಬಿಟ್ಟು ಇನ್ನೊಂದು, ಆಮೇಲೆ ದಿನಕ್ಕೆ ಒಂದೋ ಎರಡೋ. "ಭೇದಿ ಆಗೋವರೆಗೂ ಗಂಟೆಗೊಂದು ತಗೋಬೇಕು" ಅನ್ನುವುದು ಹಳೆಯ ಪದ್ಧತಿ. ಈಗ ಅದನ್ನು ಬಿಟ್ಟಿದ್ದಾರೆ, ಯಾರಾದರೂ ಹೇಳಿದರೆ ಕೇಳಬೇಡಿ. ಹೇಳಿದ್ದಕ್ಕಿಂತ ಜಾಸ್ತಿ ನುಂಗಿದರೆ ಈ ಔಷಧಿ ಜೀವಕ್ಕೇ ಅಪಾಯ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್, ಇಟ್ರಾಕೊನಜೋಲ್‌ನಂಥ ಫಂಗಸ್ ಮಾತ್ರೆ, ಬಿಪಿಗೆ ಕೊಡುವ ವೆರಪಮಿಲ್, ಡಿಲ್ಟಿಯಾಜೆಮ್ ಜೊತೆ ಇದು ಮೈಯಲ್ಲಿ ಜಮಾ ಆಗುತ್ತದೆ. ಕಿಡ್ನಿ ಕಡಿಮೆ ಕೆಲಸ ಮಾಡುವವರಿಗೂ ಅಷ್ಟೇ. ಯಾವ ಯಾವ ಮಾತ್ರೆ ನಡೆಯುತ್ತಿದೆ ಅಂತ ಡಾಕ್ಟರಿಗೂ ಹೇಳಿ, ನಮ್ಮಂಥ ಅಂಗಡಿಯವರಿಗೂ ಹೇಳಿ.

ಇಲ್ಲೊಂದು ಮಾತು. ಗೌರಿ ಹಬ್ಬದ ಹೊತ್ತಿಗೆ ಮಲೆನಾಡಿನ ಬೇಲಿಗಳಲ್ಲಿ ಅರಳುವ ಕೆಂಪು-ಹಳದಿ ಗೌರಿ ಹೂವು, ಅಂದರೆ ಅಗ್ನಿಶಿಖೆ, ಅದರ ಗೆಡ್ಡೆಯಲ್ಲಿ ಇರುವುದು ಇದೇ ಕೋಲ್ಚಿಸಿನ್. "ಗಿಡಮೂಲಿಕೆ ತಾನೇ" ಅಂತ ಗೆಡ್ಡೆ ಅರೆದು ಕುಡಿಯುವ ಸಾಹಸ ಖಂಡಿತ ಬೇಡ. ಎಷ್ಟಿದೆ ಅಂತ ಅಳೆಯಲು ಬರುವುದಿಲ್ಲ, ಅದು ವಿಷ.

ಮೂರನೆಯದು ಸ್ಟೀರಾಯ್ಡ್. ಪ್ರೆಡ್ನಿಸೊಲೋನ್ ಮಾತ್ರೆ ಕೆಲವೇ ದಿನ, ಇಲ್ಲವೇ ಕೀಲಿಗೆ ಒಂದು ಇಂಜೆಕ್ಷನ್. ಕಿಡ್ನಿ ತೊಂದರೆ ಇರುವವರಿಗೆ ಬಹಳ ಸಲ ಇದೇ ಸೂಕ್ತ. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಸಕ್ಕರೆ ಏರುತ್ತದೆ, ನೋಡಿಕೊಳ್ಳಬೇಕು.

ಮನೆಯಲ್ಲಿ: ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ. ಬಿಸಿ ಎಣ್ಣೆ ಹಚ್ಚಿ ತಿಕ್ಕಬೇಡಿ. ಅಜ್ಜಿ ಪ್ರೀತಿಯಿಂದಲೇ ತಿಕ್ಕುತ್ತಾರೆ, ಆದರೆ ಉರಿಯುತ್ತಿರುವ ಕೀಲನ್ನು ತಿಕ್ಕಿದರೆ ಉರಿ ಹೆಚ್ಚುತ್ತದೆ. ದಿನದ ಯೂರಿಕ್ ಆಸಿಡ್ ಮಾತ್ರೆ ಮೊದಲೇ ನಡೆಯುತ್ತಿದ್ದರೆ ದಾಳಿಯ ದಿನವೂ ಬಿಡಬೇಡಿ.

ಇನ್ನು "ಮೂರೇ ದಿನದಲ್ಲಿ ವಾತ ಮಾಯ" ಅನ್ನುವ ಹೆಸರಿಲ್ಲದ ಪುಡಿಗಳು. ಇಂಥ ಪುಡಿಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದದ್ದಿದೆ. ನೋವು ನಿಜವಾಗಿ ಹೋಗುತ್ತದೆ. ಆಮೇಲೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಹಠಾತ್ತನೆ ನಿಲ್ಲಿಸಿದರೂ ಕುಸಿದು ಬೀಳಬಹುದು. ವರ್ಷದಿಂದ ತೆಗೆದುಕೊಳ್ಳುತ್ತಿದ್ದರೆ ಆ ಪುಡಿಯ ಪೊಟ್ಟಣವನ್ನೇ ಡಾಕ್ಟರ ಮುಂದೆ ಇಡಿ, ಮುಚ್ಚಿಡಬೇಡಿ.

ಹಂತ 3: ದಿನದ ಮಾತ್ರೆ ನಿಮಗೆ ಬೇಕೇ?

ಹಂತ 2ರ ಔಷಧಿಗಳು ಬೆಂಕಿ ಆರಿಸುತ್ತವೆ ಅಷ್ಟೇ, ಒಂದು ಹರಳನ್ನೂ ಕರಗಿಸುವುದಿಲ್ಲ. ಕರಗಿಸಲು ರಕ್ತದ ಯೂರಿಕ್ ಆಸಿಡ್ ಇಳಿಸಬೇಕು. ಪಾಕ ತೆಳುವಾದರೆ ಅಂಚಿನ ಸಕ್ಕರೆ ತಾನಾಗಿ ಕರಗುತ್ತದೆ, ಅಲ್ವಾ? ಹಾಗೆ.

ವರ್ಷಕ್ಕೆ ಎರಡು ಅಥವಾ ಹೆಚ್ಚು ದಾಳಿ ಬರುತ್ತಿದ್ದರೆ, ಒಂದೇ ಒಂದು ಗಂಟು ಕಾಣಿಸಿದ್ದರೂ, ಎಕ್ಸ್‌ರೇಯಲ್ಲಿ ಮೂಳೆ ಕೊರೆದಿದ್ದರೆ ದಿನದ ಮಾತ್ರೆ ಬೇಕೇ ಬೇಕು. ಮೊದಲ ದಾಳಿಯೇ ಆಗಿದ್ದರೂ ಕಿಡ್ನಿ ತೊಂದರೆ ಇದ್ದರೆ, ಕಿಡ್ನಿ ಕಲ್ಲಾಗಿದ್ದರೆ, ಯೂರಿಕ್ ಆಸಿಡ್ 9 ದಾಟಿದ್ದರೆ ಡಾಕ್ಟರ ಹತ್ತಿರ ಈ ಮಾತು ಎತ್ತಿ. ಇವು ಯಾವುವೂ ಇಲ್ಲದೆ ಒಂದೇ ಒಂದು ಸಲ ಬಂದು ಹೋಗಿದ್ದರೆ ಕಾಯಬಹುದು.

ಹಂತ 4: ಸಣ್ಣದಾಗಿ ಶುರುಮಾಡಿ, ನಿಧಾನ ಏರಿಸಿ

ಬಹಳ ಜನ ಸೋಲುವುದು ಈ ಹಂತದಲ್ಲಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಆಯ್ಕೆ ಅಲೋಪ್ಯೂರಿನಾಲ್. ಯೂರಿಕ್ ಆಸಿಡ್ ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. 1966ರಿಂದ ಬಳಕೆಯಲ್ಲಿರುವ ಹಳೆಯ, ಅಗ್ಗದ ಮಾತ್ರೆ. ಇದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವರಿಗೆ ತಮ್ಮ ಔಷಧಿ ಸಂಶೋಧನೆಗಳಿಗಾಗಿ 1988ರಲ್ಲಿ ನೊಬೆಲ್ ಬಂತು. ದಿನಕ್ಕೆ 100 ಮಿ.ಗ್ರಾಂ.ನಿಂದ ಶುರು. ಕಿಡ್ನಿ ತೊಂದರೆ ಇದ್ದರೆ 50. ಕೆಲವು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. 300ಕ್ಕೆ ನಿಲ್ಲಬೇಕೆಂದೇನೂ ಇಲ್ಲ. ಸಂಖ್ಯೆ ಇಳಿಯದಿದ್ದರೆ ಡಾಕ್ಟರು ಅದಕ್ಕಿಂತ ಮೇಲೂ ಹೋಗಬಹುದು. "100 ತಗೊಂಡೆ, ಏನೂ ಆಗ್ಲಿಲ್ಲ, ಬಿಟ್ಟೆ" ಅನ್ನುವವರು ಬಹಳ. ಅದು ಮೊದಲ ಮೆಟ್ಟಿಲು ಮಾತ್ರ.

ಇನ್ನೊಂದು ಮಾತ್ರೆ ಫೆಬುಕ್ಸೊಸ್ಟಾಟ್. ನಮ್ಮಲ್ಲಿ 40, 80 ಮಿ.ಗ್ರಾಂ. ಹೆಚ್ಚು ಓಡುತ್ತದೆ. ಇದರಲ್ಲಿ ಹೃದಯ ಸಂಬಂಧಿ ಸಾವು ಜಾಸ್ತಿ ಅಂತ 2018ರಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು, ಅಮೆರಿಕದಲ್ಲಿ 2019ರಲ್ಲಿ ಪ್ಯಾಕಿನ ಮೇಲೆ ಎಚ್ಚರಿಕೆ ಬಂತು. 2020ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಆ ಅಪಾಯ ಕಾಣಲಿಲ್ಲ. ಹೃದಯದ ತೊಂದರೆ ಈಗಾಗಲೇ ಇದ್ದವರು ಇದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅಷ್ಟು ಸಾಕು.

ಈಗ ಮುಖ್ಯ ವಿಷಯ. ಮಾತ್ರೆ ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಗೌಟ್ ದಾಳಿ ಜಾಸ್ತಿ ಬರಬಹುದು. ಹಳೆಯ ಹರಳುಗಳು ಕರಗಿ ಅಲುಗಾಡುವಾಗ ದೇಹ ಮತ್ತೆ ಕೆರಳುತ್ತದೆ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. "ಮಾತ್ರೆಯಿಂದಲೇ ನೋವು ಬಂತು" ಅಂತ ಜನ ಬಿಟ್ಟುಬಿಡುತ್ತಾರೆ. ಇದು ಮಾತ್ರೆ ಕೆಲಸ ಮಾಡುತ್ತಿರುವ ಗುರುತು. ತಡೆಯಲು ಮೊದಲ ಮೂರರಿಂದ ಆರು ತಿಂಗಳು ಕೋಲ್ಚಿಸಿನ್ 0.5 ಮಿ.ಗ್ರಾಂ. ಜೊತೆಗೆ ಕೊಡುತ್ತಾರೆ. ನಿಮ್ಮ ಚೀಟಿಯಲ್ಲಿ ಅದಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ.

ಅಲೋಪ್ಯೂರಿನಾಲ್‌ನ ದೊಡ್ಡ ಅಪಾಯ ಒಂದೇ, ಅದು ಅಪರೂಪ. ಶುರುಮಾಡಿದ ಮೊದಲ ಎರಡು ಮೂರು ತಿಂಗಳಲ್ಲಿ ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು ಕಂಡರೆ ಆ ಕ್ಷಣವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. "ನಾಳೆ ನೋಡೋಣ" ಬೇಡ. ಡಾಕ್ಟರು ಹೇಳದೆ ಮತ್ತೆ ಶುರುಮಾಡಲೂ ಬೇಡಿ.

ಕಿಡ್ನಿ ಕಸಿ ಆದವರು ಮತ್ತು ಕೆಲವು ಕರುಳಿನ, ಚರ್ಮದ ಕಾಯಿಲೆಯವರು ಅಜಥಯೋಪ್ರಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದರ ಜೊತೆ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಸೇರಿದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ಬೇರೆ ಬೇರೆ ಡಾಕ್ಟರು ಬೇರೆ ಬೇರೆ ಚೀಟಿ ಬರೆದಾಗ ಇಂಥದ್ದು ಕಣ್ತಪ್ಪುತ್ತದೆ. ಎಲ್ಲ ಚೀಟಿಗಳನ್ನು ಒಂದೇ ಕವರಿನಲ್ಲಿ ಇಟ್ಟುಕೊಂಡು ಹೋಗಿ.

ಖರ್ಚಿನ ಚಿಂತೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಔಷಧಿಯ ಮೂಲ ಹೆಸರು ಹೇಳಿ ಕೇಳಿ.

ಹಂತ 5: ಒಂದು ಸಂಖ್ಯೆ ನೆನಪಿಡಿ

6ಕ್ಕಿಂತ ಕೆಳಗೆ. ಗಂಟುಗಳಿದ್ದರೆ 5ಕ್ಕಿಂತ ಕೆಳಗೆ. ಬಿಪಿ, ಶುಗರ್ ನೆನಪಿಡುವ ಹಾಗೆ ಇದನ್ನೂ ನೆನಪಿಡಿ. ಲ್ಯಾಬ್ ರಿಪೋರ್ಟಿನಲ್ಲಿ ನಾರ್ಮಲ್ ಮಿತಿ 7ರ ಆಸುಪಾಸು ಅಂತ ಅಚ್ಚಾಗಿರುತ್ತದೆ. ನಿಮಗೆ ಅದು ಲೆಕ್ಕಕ್ಕಿಲ್ಲ. 6.8ರಲ್ಲಿ ಇದ್ದರೂ ಹರಳು ಕರಗುವುದಿಲ್ಲ.

ಪ್ರಮಾಣ ಏರಿಸುವಾಗ ಕೆಲವು ವಾರಕ್ಕೊಮ್ಮೆ, ಗುರಿ ಮುಟ್ಟಿದ ಮೇಲೆ ಆರು ತಿಂಗಳಿಗೊಮ್ಮೆ ಯೂರಿಕ್ ಆಸಿಡ್, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸಂಖ್ಯೆ. ಲಿವರ್ ಪರೀಕ್ಷೆಯನ್ನು ಡಾಕ್ಟರು ಹೇಳಿದಾಗ.

"ಎಷ್ಟು ದಿನ ತಗೋಬೇಕು?" ಹೆಚ್ಚಿನವರಿಗೆ ಇದು ದೀರ್ಘಕಾಲದ ಮಾತ್ರೆ. ಬಿಟ್ಟರೆ ಕೆಲವೇ ವಾರದಲ್ಲಿ ಸಂಖ್ಯೆ ಹಳೆಯ ಜಾಗಕ್ಕೆ ಏರುತ್ತದೆ. ನೋವು ಮಾತ್ರ ತಿಂಗಳುಗಟ್ಟಲೆ ಬಾರದೆ ಇರಬಹುದು. "ಬಿಟ್ಟು ಆರು ತಿಂಗಳಾಯ್ತು, ಆರಾಮಿದ್ದೀನಿ" ಅನ್ನುವವರ ಒಳಗೆ ಹರಳು ಮತ್ತೆ ಕೂಡುತ್ತಿರುತ್ತದೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗಿಬಿಡುತ್ತದೆ.

ಹಂತ 6: ಊಟ

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಬೇಕೆಂದೇ ಆರನೆಯದಾಗಿ ಇಟ್ಟೆ. ಪಥ್ಯ ಕಟ್ಟುನಿಟ್ಟಾಗಿ ಮಾಡಿದರೂ ಸಂಖ್ಯೆ ಸುಮಾರು 1ರಷ್ಟು ಇಳಿದರೆ ಹೆಚ್ಚು. 9.2 ಇರುವವರು ಪಥ್ಯದಿಂದಲೇ 6ಕ್ಕೆ ಬರುವುದು ಕಷ್ಟ.

ಸಸ್ಯಾಹಾರಿಗಳಿಗೆ ಒಂದು ಸಮಾಧಾನದ ಮಾತು. ತೊಗರಿಬೇಳೆ, ಕಾಳು, ಪಾಲಕ್, ಅಣಬೆಯಲ್ಲಿ ಪ್ಯೂರಿನ್ ಇರುವುದು ನಿಜ. ಆದರೆ ತರಕಾರಿ-ಕಾಳಿನ ಪ್ಯೂರಿನ್‌ನಿಂದ ಗೌಟ್ ಹೆಚ್ಚಾಗುವುದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಬೇಳೆ ಸಾರು, ಹುರುಳಿ ಕಟ್ಟು, ಅವರೆಕಾಳು ಎಲ್ಲ ಬಿಟ್ಟು ಬರೀ ಅನ್ನ-ಮಜ್ಜಿಗೆಗೆ ಇಳಿದು ಸೊರಗಿದವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಯಾವುದೋ ಒಂದು ಪದಾರ್ಥ ತಿಂದಾಗಲೆಲ್ಲ ನಿಮಗೆ ನೋವು ಬರುವುದು ಖಚಿತವಾಗಿದ್ದರೆ ಅದೊಂದನ್ನು ಬಿಡಿ.

ನಿಜವಾಗಿ ಕಡಿಮೆ ಮಾಡಬೇಕಾದದ್ದು: ಲಿವರ್, ಕಿಡ್ನಿ, ಬೋಟಿಯಂಥ ಒಳಭಾಗದ ಮಾಂಸ, ಕುರಿ ಮಾಂಸ. ಕರಾವಳಿಯವರಿಗೆ ಬೂತಾಯಿ, ಬಂಗುಡೆ, ಸಿಗಡಿ. ಪೂರ್ತಿ ಬಿಡಬೇಕೆಂದಿಲ್ಲ, ದಿನಾ ಬೇಡ, ತಟ್ಟೆ ತುಂಬ ಬೇಡ. ಹೊಸತೊಡಕಿನ ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಕುಂಟುತ್ತಾ ಬಂದು ನಿಂತಿರುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಕೀಲುನೋವು ಅಂದ ಕೂಡಲೇ ಮನೆಯಲ್ಲಿ ಕಾಲು ಸೂಪ್ ಕುದಿಯಲು ಶುರುವಾಗುತ್ತದೆ. ಗೌಟ್‌ಗೆ ಇದು ನೆರವಾಗುವುದಿಲ್ಲ. ಮಾಂಸವನ್ನು ಗಂಟೆಗಟ್ಟಲೆ ಕುದಿಸಿದಾಗ ಪ್ಯೂರಿನ್ ರಸಕ್ಕೆ ಇಳಿಯುತ್ತದೆ. ಮಾಂಸ ತಿನ್ನುವ ಆಸೆಯಾದರೆ ಬೇಯಿಸಿದ ನೀರು ಬಸಿದು ನಾಲ್ಕು ತುಂಡು ತಿನ್ನುವುದು ಆ ಸೂಪಿಗಿಂತ ವಾಸಿ.

ಕುಡಿತದಲ್ಲಿ ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು. ಬ್ರಾಂದಿ, ವಿಸ್ಕಿಯೂ ಬಿಡಬೇಕು. ಸಿಹಿ ಕೂಲ್‌ಡ್ರಿಂಕ್, ಪ್ಯಾಕೆಟ್ ಜ್ಯೂಸ್ ಯೂರಿಕ್ ಆಸಿಡ್ ಏರಿಸುತ್ತವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅವುಗಳಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಒಡೆಯುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ.

ಹಾಲು, ಮೊಸರು, ಮಜ್ಜಿಗೆ ಒಳ್ಳೆಯದು, ಕೆನೆ ತೆಗೆದದ್ದಾದರೆ ಇನ್ನೂ ಒಳ್ಳೆಯದು. ಕಾಫಿ ಬಿಡಬೇಕಿಲ್ಲ. ನೀರು ಚೆನ್ನಾಗಿ ಕುಡಿಯಿರಿ, ಆದರೆ ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹೇಳಿದ್ದರೆ ಆ ಮಿತಿ ಮೀರಬೇಡಿ.

ತೂಕ ಇಳಿಸುವುದು ಬಹಳ ನೆರವಾಗುತ್ತದೆ. ನಿಧಾನವಾಗಿ ಇಳಿಸಿ. ಉಪವಾಸ ಮಾಡಿದರೆ, ಹಠಾತ್ ಪಥ್ಯಕ್ಕೆ ಬಿದ್ದರೆ ಯೂರಿಕ್ ಆಸಿಡ್ ಏರಿ ದಾಳಿ ಬರುತ್ತದೆ. ನೀರೂ ಮುಟ್ಟದೆ ಏಕಾದಶಿ ಮಾಡುವವರು ಡಾಕ್ಟರ ಹತ್ತಿರ ಮಾತಾಡಿ, ಕನಿಷ್ಠ ನೀರು-ಹಾಲನ್ನಾದರೂ ತೆಗೆದುಕೊಳ್ಳಿ.

ಹಂತ 7: ಉಳಿದ ಮಾತ್ರೆಗಳನ್ನು ತೋರಿಸಿ

ಬಿಪಿಗೆ, ಕಾಲೂತಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳು ಯೂರಿಕ್ ಆಸಿಡ್ ಏರಿಸುತ್ತವೆ. ಬಿಪಿಗೇ ಕೊಡುವ ಲೊಸಾರ್ಟನ್ ಅದನ್ನು ಸ್ವಲ್ಪ ಇಳಿಸುತ್ತದೆ. ಬದಲಿಸಲು ಆಗುತ್ತದೆಯೇ ಅಂತ ಡಾಕ್ಟರನ್ನು ಕೇಳಿ. ಹೃದಯಕ್ಕೆ ಕೊಟ್ಟ ಸಣ್ಣ ಆ್ಯಸ್ಪಿರಿನ್ ಕೂಡ ಏರಿಸುತ್ತದೆ, ಆದರೆ ಅದನ್ನು ನೀವಾಗಿ ನಿಲ್ಲಿಸಲೇಬೇಡಿ. ಟಿಬಿ ಚಿಕಿತ್ಸೆಯ ಪೈರಜಿನಮೈಡ್‌ನಿಂದಲೂ ಯೂರಿಕ್ ಆಸಿಡ್ ಏರಿ ಕೀಲುನೋವು ಬರಬಹುದು. ಟಿಬಿ ಔಷಧಿ ಬಿಡಬೇಡಿ, ನೋವಿನ ವಿಷಯ ಆರೋಗ್ಯ ಕೇಂದ್ರದಲ್ಲಿ ಹೇಳಿ.

ಅಮೃತಬಳ್ಳಿ ಕಷಾಯ ಬಹಳ ಜನ ಕುಡಿಯುತ್ತಾರೆ. ಅದರಿಂದ ಲಿವರ್ ಕೆಟ್ಟ ವರದಿಗಳು ನಮ್ಮ ದೇಶದಲ್ಲೇ ಬಂದಿವೆ. ಕುಡಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹಂತ 8: ಗಂಟು ಈಗಾಗಲೇ ಇದ್ದರೆ

ತಡವಾಯಿತು ಅಂತ ಕೈಚೆಲ್ಲಬೇಡಿ. ಯೂರಿಕ್ ಆಸಿಡ್ 5ಕ್ಕಿಂತ ಕೆಳಗೆ ನಿಂತರೆ ಗಂಟುಗಳು ಕರಗುತ್ತವೆ. ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು. ಸಂಖ್ಯೆ ಎಷ್ಟು ಕೆಳಗಿದ್ದರೆ ಅಷ್ಟು ಬೇಗ. ಇಂಥವರು ಒಮ್ಮೆಯಾದರೂ ಕೀಲು ತಜ್ಞರನ್ನು, ಅಂದರೆ ರುಮಟಾಲಜಿಸ್ಟ್‌ರನ್ನು ಕಾಣುವುದು ಒಳ್ಳೆಯದು.

ಸೂಜಿ, ಬ್ಲೇಡಿನಿಂದ ಗಂಟು ಚುಚ್ಚಿ ಬಿಳಿ ತೆಗೆಯಬೇಡಿ. ತಾನಾಗಿ ಒಡೆದಿದ್ದರೆ ಶುದ್ಧ ಬಟ್ಟೆ ಕಟ್ಟಿ ಆಸ್ಪತ್ರೆಗೆ ಹೋಗಿ. ಆಪರೇಷನ್ ಬೇಕಾಗುವುದು ಅಪರೂಪ. ಸೋಂಕಾದಾಗ, ನರ ಒತ್ತಿದಾಗ, ಕೀಲು ಅಲುಗದಂತಾದಾಗ ಮಾತ್ರ. ಆಪರೇಷನ್ ಆದರೂ ದಿನದ ಮಾತ್ರೆ ತಪ್ಪುವುದಿಲ್ಲ. ಸೊಟ್ಟಗಾದ ಕೀಲು ಪೂರ್ತಿ ನೆಟ್ಟಗಾಗುವ ಭರವಸೆ ಕೊಡಲಾರೆ. ಕೊರೆದ ಮೂಳೆ ಮೊದಲಿನಂತೆ ಬರುವುದಿಲ್ಲ. ಫಿಸಿಯೋಥೆರಪಿ, ಅಗಲದ ಮೆತ್ತನೆ ಚಪ್ಪಲಿ ನೆರವಾಗುತ್ತವೆ.

ಒಂದು ಕೆಲಸ ಮಾಡಿ. ಗಂಟಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಆರು ತಿಂಗಳಿಗೊಮ್ಮೆ ಅದೇ ನಾಣ್ಯ ಇಟ್ಟು ಮತ್ತೆ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಫೋಟೊದಲ್ಲಿ ಗೊತ್ತಾಗುತ್ತದೆ.

ಉಂಗುಷ್ಟ ಕತ್ತರಿಸಿಕೊಂಡಿದ್ದ ಆ ಹಿರಿಯರ ಮೊಬೈಲಿನಲ್ಲಿ ಈಗ ಇಂಥ ಐದು ಫೋಟೊ ಇವೆ. ಮೊಣಕೈ ಗಂಟು ಮೊದಲನೆಯದರಲ್ಲಿ ನಾಣ್ಯಕ್ಕಿಂತ ದೊಡ್ಡದು, ಕೊನೆಯದರಲ್ಲಿ ಕಡಲೆಕಾಳಿನಷ್ಟು. ಬೆರಳಿನ ಗಾಯ ಮಾಯಿದೆ. ಹೆಬ್ಬೆರಳು ಸೊಟ್ಟಗಾದದ್ದು ಹಾಗೇ ಇದೆ. ಚಪ್ಪಲಿ ಕೊಳ್ಳುವಾಗ ಈಗಲೂ ಉಂಗುಷ್ಟ ಇಲ್ಲದ್ದನ್ನೇ ಕೇಳುತ್ತಾರಂತೆ.